ಶವರ್ ರಾಡಿನ ಮೇಲಿನ ಮಡಿಸೀರೆ

ಈಜಿ ಬಂದ ಮೊಮ್ಮಗಳು ಒದ್ದೆ ಟವೆಲ್ಲನ್ನು ಬಚ್ಚಲಿನ ಪರದೆ ತೂಗುವ ಶವರ್ ರಾಡಿನ ಮೇಲೆ ಹಾಕಿದ್ದಳು. ಆ ಮುಗ್ಗಲು ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಎಪ್ಪತ್ತರ ದಶಕದಲ್ಲಿ, ಅಮೆರಿಕದ ಎಡಿಸನ್ ಊರಿನ ಬಾಡಿಗೆಮನೆಯಲ್ಲಿದ್ದೆ. ಕಂಕುಳಲ್ಲಿ ಆರು ತಿಂಗಳ ಮಗ. ಅವನನ್ನು ನೋಡಿಕೊಳ್ಳಲು ನನ್ನವರ ಸೋದರತ್ತೆ ಮೈಸೂರಿನಿಂದ ಬಂದಿದ್ದರು.

ಅತ್ತೆಯ ಮಡಿಯೂ ಅವರ ಜೊತೆಗೇ ವಿಮಾನ ಹತ್ತಿತ್ತು. ಕಸ್ಟಮ್ಸಿನವರಿಗೂ ಅದನ್ನು ಮುಟ್ಟುವ ಧೈರ್ಯವಾಗಿರಲಿಲ್ಲ. ಬೇಸ್‌ಮೆಂಟಿನಲ್ಲಿ ಡ್ರೈಯರ್ ಇತ್ತು, ಸರಿ. ಆದರೆ ಮೂರು ಸಂಸಾರಗಳ ಬಟ್ಟೆ ತಿರುಗುವ ಯಂತ್ರಕ್ಕೆ ಮಡಿಸೀರೆ ಹಾಕುವುದುಂಟೇ, ನೀವೇ ಹೇಳಿ. ಅದು ಶವರ್ ರಾಡಿನ ಮೇಲೆ ಎರಡು ದಿನ ಒಣಗುತ್ತಿತ್ತು. ನಾನು ಅದಕ್ಕೆ ತಗಲದಂತೆ ಬಗ್ಗಿಕೊಂಡು ಕಳ್ಳಿಯ ಹಾಗೆ ಸ್ನಾನ ಮುಗಿಸುತ್ತಿದ್ದೆ. ಗೊಣಗುತ್ತಲೂ ಇದ್ದೆ, ಅವರ ಸಾರು ತಟ್ಟೆಗೆ ಬೀಳುವವರೆಗೆ.

ಆ ದಿನ ಬೆಳಗಿನಿಂದ ರೇಡಿಯೋದಲ್ಲಿ ಒಂದೇ ಸುದ್ದಿ: ಪಕ್ಕದ ಪೆನ್ಸಿಲ್ವೇನಿಯಾದಲ್ಲಿ ಒಂದರ ಬೆನ್ನಿಗೊಂದು ಟೊರ್ನೇಡೋ ಸುಂಟರಗಾಳಿ ಎದ್ದು ಊರುಗಳನ್ನೇ ಗುಡಿಸಿಹಾಕುತ್ತಿವೆ. ನಮ್ಮ ಕಡೆಗೆಲ್ಲ ಅವು ಬರುವುದಿಲ್ಲವೆಂದು ನನ್ನವರು ಆಫೀಸಿಗೆ ಹೋದರು. ಮಧ್ಯಾಹ್ನಕ್ಕೆ ಆಕಾಶ ಹಸಿರಾಯಿತು, ಅದು ಸುಂಟರಗಾಳಿಯ ಮುನ್ಸೂಚನೆಯಂತೆ. ಕೆಳಗಿನ ಮನೆಯಾಕೆ ಬೇಸ್‌ಮೆಂಟಿಗೆ ಬನ್ನಿರೆಂದು ಕೂಗಿದಳು. ಮಗುವನ್ನೆತ್ತಿಕೊಂಡು ಅಡುಗೆಮನೆಗೆ ಓಡಿದೆ.

"ನೈವೇದ್ಯ ಆಗಿಲ್ಲ ಕಣೇ. ನೀನು ನಡಿ, ಬಂದೆ," ಎಂದರು ಅತ್ತೆ.

ನಾನು ಕೈ ಚಾಚಿದೆ.

"ಮುಟ್ಟಬೇಡ, ಮಡೀಲಿದೀನಿ."

ಕೈ ತಾನಾಗಿ ಹಿಂದಕ್ಕೆ ಬಂತು. ಹುಟ್ಟಿದಾಗಿನಿಂದ ಆ ಮಾತು ಕೇಳಿದೊಡನೆ ಹಿಂದೆ ಸರಿದು ರೂಢಿಯಾದ ಕೈ. ನಾನು ಮೆಟ್ಟಿಲಿಳಿದೆ.

ಮೇಲೆ ಬಂದಾಗ ಅಡುಗೆಮನೆ ಇರಲಿಲ್ಲ. ಬೀದಿಯ ಎಷ್ಟೋ ಮನೆಗಳಿಗೆ ಸೂರಿರಲಿಲ್ಲ. ಯಾರದೋ ಕಾರು ಎದುರುಮನೆಯ ಜಗುಲಿಯ ಮೇಲೆ ಕೂತಿತ್ತು. ಶವರ್ ರಾಡಿನ ಸೀರೆ ದೀಪದ ಕಂಬಕ್ಕೆ ಸುತ್ತಿಕೊಂಡಿತ್ತು, ಒಂದೆಳೆಯೂ ಹರಿಯದೆ. ಅತ್ತೆ ಹಿತ್ತಲಿನ ಇಟ್ಟಿಗೆರಾಶಿಯಡಿ ಸಿಕ್ಕರು. ಅವರ ಹೆಸರೂ ಗೊತ್ತಿಲ್ಲದ ನಾಲ್ವರು ಗಂಡಸರು ಕೈಹಾಕಿ ಎತ್ತಿದರು. ಬೇಡವೆನ್ನಲು ಅತ್ತೆ ಇರಲಿಲ್ಲ.

"ಕರೆದೆ, ಬರಲಿಲ್ಲ," ಎಂದೆ ನನ್ನವರಿಗೆ. ಅವರು ಸಾಯುವವರೆಗೂ "ನಮ್ಮತ್ತೆ ಹಟಮಾರಿ" ಎನ್ನುತ್ತಿದ್ದರು. ನಾನು ಹೂಂಗುಟ್ಟುತ್ತಿದ್ದೆ. ಕೈಹಿಡಿದು ಎಳೆದಿದ್ದರೆ ಅತ್ತೆ ಬರುತ್ತಿದ್ದರು. ನನ್ನನ್ನು ಬೈದು ಇನ್ನೊಮ್ಮೆ ಸ್ನಾನ ಮಾಡುತ್ತಿದ್ದರು, ಅಷ್ಟೇ. ಇದನ್ನು ನಿಮಗಲ್ಲದೆ ಇನ್ನಾರಿಗೂ ಹೇಳಿಲ್ಲ. ಹೇಳಿದರೆ ಹಗುರಾಗುತ್ತದೆ ಅನ್ನುತ್ತಾರೆ, ಆಗಲಿಲ್ಲ.

ಟವೆಲ್ ತೆಗೆಯಲು ಬಂದ ಮೊಮ್ಮಗಳ ಮಣಿಕಟ್ಟು ಹಿಡಿದೆ.

"ಅಜ್ಜಿ, ದಟ್ ಹರ್ಟ್ಸ್," ಎಂದಳು.

ನೋಯುತ್ತಿದೆಯೆಂದು ನನಗೂ ಗೊತ್ತಿತ್ತು. ಬಿಡಲಿಲ್ಲ.