ಬೀರೂರು ಜಂಕ್ಷನ್ನಿನ ಗುರುವಾರಗಳು

ನಾನು ಕಥೆ ಬರೆಯುತ್ತೇನೆ, ಅವಳು ಚಿತ್ರ ಬರೆಯುತ್ತಾಳೆ. ಕಾಲೇಜಿನಲ್ಲಿ ಜೊತೆಗೆ ಓದಿದವರು. ಮದುವೆಯಾಗಿ ನಾನು ಕಡೂರಿಗೆ ಬಂದೆ, ಅವಳು ತರೀಕೆರೆಗೆ ಹೋದಳು. ನಡುವೆ ಬಹಳ ದೂರವೇನೂ ಇಲ್ಲ. ಆದರೂ ವರ್ಷಗಟ್ಟಲೆ ನಮ್ಮ ಭೇಟಿಯೆಲ್ಲ ಯಾರದೋ ಮದುವೆಯ ಊಟದ ಪಂಕ್ತಿಯಲ್ಲೇ ಆಗುತ್ತಿತ್ತು.

ಒಂದು ದಿನ ಅವಳು ನನ್ನ ಫೋನಿಗೆ ಒಂದು ಪ್ರಕಟಣೆ ಕಳಿಸಿದಳು. ಎಲ್ಲೋ ಗುಡ್ಡದ ಮೇಲಿನ ಬಂಗಲೆಯಲ್ಲಿ ಕಲಾವಿದರಿಗೆ ಒಂದು ತಿಂಗಳ ವಾಸ. ಕೋಣೆ, ಮೇಜು, ಊಟ ಎಲ್ಲ ಅವರದೇ. ಅದಕ್ಕೆ ಆರ್ಟಿಸ್ಟ್ ರೆಸಿಡೆನ್ಸಿ ಎನ್ನುತ್ತಾರಂತೆ. ಒಗ್ಗರಣೆಗೆ ಸಾಸಿವೆ ಹಾಕಿ ಅದನ್ನೇ ಓದುತ್ತಾ ನಿಂತೆ. ಸಾಸಿವೆ ಸೀದುಹೋಯಿತು. ಅಷ್ಟರಲ್ಲಿ ಅವಳದೇ ಫೋನು ಬಂತು.

"ಒಂದು ತಿಂಗಳು ಯಾರೂ ಮಾತಾಡ್ಸಲ್ವಂತೆ ಕಣೇ!"

"ತಿಂಗಳು ಯಾಕೆ, ಒಂದು ಮಧ್ಯಾಹ್ನ ಸಿಕ್ರೆ ಸಾಕು ನಂಗೆ."

ಅವಳು ತಟ್ಟನೆ ಹೇಳಿದಳು: "ಕೊಡೋರಿಗೆ ಕಾಯ್ತಾ ಕೂತ್ರೆ ಮುದುಕೀರಾಗ್ತೀವಿ. ನಾವೇ ತಗಳಣ. ಗುರುವಾರ ಬೀರೂರಿಗೆ ಬಾ. ಮನೇಲಿ ಮಾತ್ರ ರೆಸಿಡೆನ್ಸಿ ಅನ್ಬೇಡ, ಲಾಡ್ಜು ಅಂದ್ಕೋತಾರೆ."

ಬೀರೂರು ಯಾಕೆಂದರೆ ಅವಳಿಗೆ ತರೀಕೆರೆಯಿಂದ ರೈಲಿತ್ತು, ನನಗೆ ಕಡೂರಿನಿಂದ ಬಸ್ಸು. ಅಲ್ಲದೆ ರೈಲ್ವೆ ಸ್ಟೇಷನ್ನಿನಲ್ಲಿ ಇಬ್ಬರು ಹೆಂಗಸರು ಸುಮ್ಮನೆ ಕೂತರೆ ಯಾಕೆಂದು ಯಾರೂ ಕೇಳುವುದಿಲ್ಲ. ಪ್ಲಾಟ್‌ಫಾರಂ ಟಿಕೆಟ್ ತೆಗೆದುಕೊಂಡು, ಜನ ಕಡಿಮೆಯಿದ್ದ ಕೊನೆಯ ಬೆಂಚಿಗೆ ಹೋದೆವು. ಆ ತುದಿಗೆ ಅವಳು, ಈ ತುದಿಗೆ ನಾನು, ನಡುವೆ ನಮ್ಮ ಚೀಲಗಳು. ತರೀಕೆರೆ ಗಾಡಿಯ ಅನೌನ್ಸ್‌ಮೆಂಟ್ ಆಗುವವರೆಗೆ ಮಾತಾಡಬಾರದು ಎಂಬುದೊಂದೇ ನಿಯಮ.

ಮೊದಲ ಗುರುವಾರ ನಾನು ಒಂದಕ್ಷರವನ್ನೂ ಬರೆಯಲಿಲ್ಲ. ಗ್ಯಾಸ್ ಆರಿಸಿದೆನೋ ಇಲ್ಲವೋ ಎಂಬುದೇ ತಲೆಯಲ್ಲಿ. ಅವಳು ತನ್ನ ಚಪ್ಪಲಿಯ ಚಿತ್ರ ಬರೆದಳು. ಆಮೇಲೆ ನಿಧಾನವಾಗಿ ಇಬ್ಬರ ಕೈಯೂ ಓಡತೊಡಗಿತು. ಚೀಲದ ಹಿಡಿಕೆಯನ್ನು ಮುಂಗೈಗೆ ಸುತ್ತಿಕೊಂಡು ನಿದ್ದೆ ಹೋದ ಹೆಂಗಸರನ್ನು, ಗಾಡಿ ಬರುವ ದಿಕ್ಕಿಗೆ ಕತ್ತು ಚಾಚಿದ ಮುದುಕರನ್ನು ಅವಳು ಬರೆದಳು. ಮಗ ತೊಟ್ಟಿಲಲ್ಲಿದ್ದಾಗ ನಾನು ಶುರು ಮಾಡಿದ್ದ ಕಥೆ, ಅವನು ಹೈಸ್ಕೂಲು ಸೇರಿದ ಮೇಲೆ ಆ ಬೆಂಚಿನಲ್ಲಿ ಮುಗಿಯಿತು. ಅವಳ ಪೆನ್ಸಿಲಿನ ಸದ್ದು ಕೇಳಿಸುತ್ತಿದ್ದಷ್ಟು ಹೊತ್ತು ನನ್ನ ಪೆನ್ನೂ ನಿಲ್ಲುತ್ತಿರಲಿಲ್ಲ.

ಅಷ್ಟರಲ್ಲಿ ಯಾರೋ ನೆಂಟರು ನನ್ನ ಗಂಡನ ಕಿವಿಗೆ ಹಾಕಿದರು: "ನಿಮ್ಮ ಮನೆಯೋರು ವಾರವಾರ ಬೀರೂರು ಸ್ಟೇಷನ್ನಲ್ಲಿ ಕೂತಿರ್ತಾರೆ ಕಣ್ರೀ. ಯಾವ ಗಾಡೀನೂ ಹತ್ತಲ್ಲ."

ಗೆಳತಿಯನ್ನು ನೋಡಲು ಹೋಗುತ್ತೇನೆಂದು ಅವರಿಗೆ ಹೇಳಿಯೇ ಹೋಗುತ್ತಿದ್ದೆ. ಮುಂದಿನ ಗುರುವಾರ ನಾನು ತಲೆಯೆತ್ತಿದರೆ ಪಕ್ಕದ ಬೆಂಚಿನಲ್ಲಿ ಅವರು ಕಡಲೆಕಾಯಿ ಪೊಟ್ಟಣ ಹಿಡಿದು ಕೂತಿದ್ದರು. ಯಾವಾಗ ಬಂದರೋ. ಗೆಳತಿ ನೋಡಿದಳು, ನಿಯಮ ನೆನಪಾಗಿ ಮತ್ತೆ ತಲೆ ತಗ್ಗಿಸಿದಳು. ಅನೌನ್ಸ್‌ಮೆಂಟ್ ಆಗಿ ಅವಳು ಗಾಡಿ ಹತ್ತುವವರೆಗೂ ಅವರು ಎದ್ದು ಬರಲಿಲ್ಲ.

"ಇಷ್ಟೇನಾ?" ಎಂದರು ಆಮೇಲೆ.

"ಇಷ್ಟೇ."

"ಮನೇಲೇ ಬರೀಬೋದಿತ್ತಲ್ಲ?"

"ಮನೇಲಿ ಎಲ್ರೂ ಕೂಗ್ತಾರೆ. ಇಲ್ಲಿ ಯಾರ್ಗೂ ನಾನು ಬೇಕಾಗಿಲ್ಲ."

ಅವರು ಉಳಿದ ಕಡಲೆಕಾಯಿಯನ್ನು ನನ್ನ ಕೈಗೆ ಹಾಕಿ, "ಬಿಸಿಲಿರುತ್ತೆ, ಛತ್ರಿ ತಗಂಡ್ ಬಾ" ಎಂದರು. ಆಮೇಲೆ ಗುರುವಾರ ಮಧ್ಯಾಹ್ನ ಮನೆಯಿಂದ ಯಾರೂ ನನಗೆ ಫೋನು ಮಾಡಲಿಲ್ಲ.

ಗೆಳತಿಯ ಗಂಡನಿಗೆ ಕಲಬುರಗಿಗೆ ವರ್ಗವಾಯಿತು. ಕೊನೆಯ ಗುರುವಾರವೂ ಇಬ್ಬರೂ ಹಟದಿಂದ ನಿಯಮ ಪಾಲಿಸಿದೆವು. ಅವಳು ಏನೂ ಬರೆಯಲಿಲ್ಲ, ನಾನೂ ಬರೆಯಲಿಲ್ಲ, ಆದರೂ ಬಾಯಿ ಬಿಡಲಿಲ್ಲ. ಅನೌನ್ಸ್‌ಮೆಂಟ್ ಆದ ಹಿಂದೆಯೇ ಗಾಡಿ ಬಂದುಬಿಟ್ಟಿತು. "ಹೋಗ್ಲಾ?" ಎಂದಳು. "ಹುಷಾರು ಕಣೇ" ಎಂದೆ. ಅಷ್ಟೇ ಆಡಿದ್ದು. ಆ ಮಧ್ಯಾಹ್ನ ಆಡದೆ ಉಳಿದ ಮಾತುಗಳು ಈಗಲೂ ಪಾತ್ರೆ ತೊಳೆಯುವಾಗ ಬಾಯಿಗೆ ಬರುತ್ತವೆ.

ಒಬ್ಬಳೇ ಎರಡು ವಾರ ಹೋದೆ. ಬೆಂಚು ತೀರಾ ಉದ್ದವೆನಿಸಿತು. ಈಗ ಸಿಕ್ಕಲ್ಲಿ ಕೂರುತ್ತೇನೆ: ಖಾರದಪುಡಿಯ ಗಿರಣಿಯ ಜಗಲಿ, ಆಸ್ಪತ್ರೆಯ ಚೀಟಿ ಕೊಡುವ ಸಾಲು, ತವರೂರು ಅಜ್ಜಂಪುರಕ್ಕೆ ಹೋದಾಗ ಅಲ್ಲಿನ ಬಸ್‌ಸ್ಟ್ಯಾಂಡ್. ಬರವಣಿಗೆ ಸಾಗುತ್ತದೆ. ಆದರೆ ನಡುವೆ ಪೆನ್ನು ನಿಲ್ಲಿಸಿ ಪಕ್ಕಕ್ಕೆ ಕಿವಿಗೊಡುತ್ತೇನೆ.

ಮೊನ್ನೆ ಕಲಬುರಗಿಯಿಂದ ಫೋನು ಮಾಡಿದ್ದಳು. ಅಲ್ಲಿ ಕಚೇರಿಯೊಂದರ ಮುಂದೆ ದೊಡ್ಡ ಬೇವಿನ ಮರವಿದೆಯಂತೆ, ಕೆಳಗೆ ಕಟ್ಟೆಯಿದೆಯಂತೆ.

"ಕಟ್ಟೆ ತುಂಬಾ ಜನ. ಆದ್ರೂ ಒಬ್ರಿಗೆ ಜಾಗ ಬಿಟ್ಟೇ ಕೂತ್ಕೋತೀನಿ. ಯಾವಾಗ್ ಬತ್ತೀಯೇ?"

"ಬತ್ತೀನಿ," ಎಂದೆ. "ಮಗನ ಪರೀಕ್ಷೆ ಮುಗೀಲಿ."