ಮೂರನೆಯ ಚೀಲ ಎಲ್ಲಿಂದ ಬಂತು

ಅವನಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿತ್ತು, ಆದರೆ ಬೀದಿಯವರಿಗೆ ಅದು ಬೇಕಾಗಿರಲಿಲ್ಲ. ಕ್ಯಾಸೆಟ್ ಅಂಗಡಿಯ ಗೋಡೆಯ ಮೇಲೆ ‘ದಯವಿಟ್ಟು ರಿವೈಂಡ್ ಮಾಡಿ ವಾಪಸ್ ಕೊಡಿ’ ಎಂದು ಕೆಂಪು ಬಣ್ಣದಲ್ಲಿ ದಪ್ಪಗೆ ಬರೆಸಿದ ದಿನದಿಂದ ಎಲ್ಲರ ಬಾಯಲ್ಲೂ ಅವನು ರಿವೈಂಡ್ ಆಗಿಹೋದ. ಮೊದಮೊದಲು ಸಿಟ್ಟಾಗುತ್ತಿದ್ದ. ಆಮೇಲೆ ಫೋನೆತ್ತಿದರೆ ತಾನೇ “ಹಲೋ, ರಿವೈಂಡ್ ಮಾತಾಡ್ತಿರೋದು” ಅನ್ನತೊಡಗಿದ.

ಅಂಗಡಿ ಎಂದರೆ ಒಂದೇ ಕೋಣೆ. ಮೂರು ಗೋಡೆಗೆ ಸೂರಿನವರೆಗೂ ಕ್ಯಾಸೆಟ್ಟು, ಮೇಜಿನ ಮೇಲೆ ಒಂದು ಸಣ್ಣ ಟೀವಿ, ಎರಡು ವಿಸಿಆರ್, ಕತ್ತು ತಿರುಗದ ಒಂದು ಟೇಬಲ್ ಫ್ಯಾನು. ಮಹಡಿಯ ಮೇಲೆ ಎರಡು ಕೋಣೆಯ ಮನೆ, ಹೆಂಡತಿ, ಇಬ್ಬರು ಮಕ್ಕಳು. ವಾಪಸ್ ಬಂದ ಪ್ರತಿ ಕ್ಯಾಸೆಟ್ಟನ್ನೂ ಅವನು ಗಿರಾಕಿಯ ಎದುರಿಗೇ ವಿಸಿಆರ್‌ಗೆ ಹಾಕಿ, ಅಲ್ಲಲ್ಲಿ ಓಡಿಸಿ ನೋಡುತ್ತಿದ್ದ. ಮೆಚ್ಚಿದ ಜಾಗವನ್ನು ಜನ ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡುತ್ತಾರಲ್ಲ, ಟೇಪು ಅಲ್ಲೇ ಸವೆಯುತ್ತದೆ. ಚಿತ್ರದ ಮೇಲೆ ಬಿಳಿ ಗೆರೆ ಏಳುತ್ತದೆ. ಗೆರೆ ಎಲ್ಲಿದೆಯೋ ಅಲ್ಲಿ ಮನಸ್ಸಿದೆ ಅನ್ನುವುದು ರಿವೈಂಡನ ಶಾಸ್ತ್ರ.

“ಕ್ಯಾಸೆಟ್ ಕೊಡಿ, ನಿಮ್ಮ ಜಾತಕ ಹೇಳ್ತೀನಿ” ಎಂದು ಜಂಬ ಕೊಚ್ಚುತ್ತಿದ್ದ. ಸುಮ್ಮನೆ ಕೊಚ್ಚುತ್ತಿರಲಿಲ್ಲ ಅನ್ನಿ. ಮಕ್ಕಳಿಗೆ ಶಿಸ್ತು ಬೋಧಿಸುವ ಲೆಕ್ಕದ ಮೇಷ್ಟ್ರು ಸವೆಸುತ್ತಿದ್ದದ್ದು ಹೊಡೆದಾಟದ ಜಾಗ. ಬ್ಯಾಂಕಿನ ಕಾವಲಿನವನು, ಅಷ್ಟು ದೊಡ್ಡ ಮೀಸೆಯ ಆಳು, ಕಳೆದುಹೋದ ನಾಯಿ ಮನೆಗೆ ಬರುವ ಜಾಗ ಸವೆಸುತ್ತಿದ್ದ. ಮೂಲೆ ಮನೆಯ ಮುದುಕ ಮುದುಕಿ ಒಂದೇ ಸಿನಿಮಾವನ್ನು ಎಷ್ಟೋ ಸಲ ಒಯ್ದರೂ ಇಂಟರ್ವಲ್‌ಗೆ ನಿಲ್ಲಿಸಿ ವಾಪಸ್ ಕೊಡುತ್ತಿದ್ದರು, ಏಕೆಂದರೆ ಆಮೇಲೆ ನಾಯಕಿ ಸಾಯುತ್ತಾಳೆ. ಅವರ ಮಟ್ಟಿಗೆ ಅವಳು ಇನ್ನೂ ಬದುಕಿದ್ದಳು. ಅವರಿಗೆ ಮಾತ್ರ ರಿವೈಂಡಿನ ಕಟ್ಟುನಿಟ್ಟು ಇರಲಿಲ್ಲ. ಹೊಸ ಸಿನಿಮಾ ನೋಡೋದು ಬಾಯಿಚಪಲಕ್ಕೆ, ನೋಡಿದ್ದನ್ನೇ ನೋಡೋದು ಹಸಿವಿಗೆ ಎಂದು ಅವನು ಹೇಳುತ್ತಿದ್ದ. ಇಷ್ಟೆಲ್ಲ ತಿಳಿದವನು ಅವನು. ಅದಕ್ಕೇ ಮುಂದಿನ ಕಥೆ ಹೇಳುವಾಗ ಅವನ ಮೇಲೆ ಮರುಕದ ಜೊತೆಗೆ ಸಿಟ್ಟೂ ಬರುತ್ತದೆ.

ಅವನಿಗೊಬ್ಬಳು ಅಕ್ಕ. ಅವನಿಗಿಂತ ಆರು ವರ್ಷ ದೊಡ್ಡವಳು, ತಾಯಿ ಹೋದ ಮೇಲೆ ಅವನ ತಲೆ ಬಾಚಿ ಶಾಲೆಗೆ ಕಳಿಸಿದವಳು. ಅವಳಿಗೆ ಗಂಡು ಹುಡುಕಿದವನೂ ಇವನೇ. ಭೂಮಾಪನ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸ, ಕುಡಿತವಿಲ್ಲ, ಇಸ್ಪೀಟಿಲ್ಲ, ದನಿ ಏರಿಸಿದ್ದು ಯಾರೂ ಕೇಳಿಲ್ಲ. “ಮಾತು ಬೆಳ್ಳಿ, ಮೌನ ಬಂಗಾರ ಅಂತಾರಲ್ಲ ಅಕ್ಕ, ನಿನಗೆ ಬಂಗಾರನೇ ತಂದಿದ್ದೀನಿ” ಎಂದು ಮದುವೆಯ ದಿನ ಹೇಳಿದ್ದ. ಆ ಮಾತು ಅವನಿಗೆ ಬಹಳ ಹಿಡಿಸಿ, ಮುಂದೆ ಹತ್ತಾರು ಸಲ ಹೇಳಿಕೊಂಡ.

ಅಕ್ಕನ ಮನೆ ಎರಡು ಬೀದಿ ಆಚೆ. ಮಕ್ಕಳಾಗಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ ಅಂಗಡಿಗೆ ಬಂದು ಒಂದೇ ಸಿನಿಮಾ ಕೇಳುತ್ತಿದ್ದಳು. ಅದೊಂದು ನಗೆಯ ಸಿನಿಮಾ, ಬೀದಿಯವರ ಬಾಯಲ್ಲಿ ‘ಚೀಲದ ಸಿನಿಮಾ’. ಒಂದೇ ಥರದ ಮೂರು ಚೀಲ ಅದಲುಬದಲಾಗಿ, ಒಬ್ಬನ ಚೀಲ ಇನ್ನೊಬ್ಬನ ಮನೆ ಸೇರಿ, ಕೊನೆಗೆ ಎಲ್ಲರೂ ಎಲ್ಲರನ್ನೂ ಅಟ್ಟಿಸಿಕೊಂಡು ಓಡುವ ಕಥೆ. ಹೊಟ್ಟೆ ಹುಣ್ಣಾಗುವಂತೆ ನಗಿಸುತ್ತಿತ್ತು. ಮನೆಮನೆಯಲ್ಲಿ ಅದರ ಮಾತುಗಳು ಬಾಯಿಪಾಠ. ಅಕ್ಕ ಅದನ್ನೇ ಒಯ್ಯುವುದು ಕಂಡು ರಿವೈಂಡ್ ಖುಷಿಪಡುತ್ತಿದ್ದ. ಅಕ್ಕ ಭಾವ ಇಬ್ಬರೂ ಕೂತು ನಗುತ್ತಾರೆ ಎಂದುಕೊಂಡಿದ್ದ. ಮನೆಯವಳೇ ಎಂದು ಅವಳು ವಾಪಸ್ ತಂದದ್ದನ್ನು ಮಾತ್ರ ಹಾಕಿ ನೋಡುತ್ತಿರಲಿಲ್ಲ.

“ಅಕ್ಕ ಯಾಕೋ ಸೊರಗಿದಾರೆ ಕಣ್ರೀ, ಒಂದ್ಸಲ ಹೋಗಿ ವಿಚಾರಿಸಿ” ಎಂದು ಹೆಂಡತಿ ಒಮ್ಮೆ ಹೇಳಿದಳು.

“ವಾರ ವಾರ ಹೊಟ್ಟೆ ಹಿಡ್ಕೊಂಡು ನಗೋರು ಸೊರಗ್ತಾರೇನೇ?” ಎಂದು ಅವನು ಮಾತು ಮುಗಿಸಿದ.

ಒಂದು ಶನಿವಾರ ಅಕ್ಕ ಕ್ಯಾಸೆಟ್ ವಾಪಸ್ ಕೊಡಲು ಬಂದಳು. ಅಂಗಡಿಯಲ್ಲಿ ಲೆಕ್ಕದ ಮೇಷ್ಟ್ರಿದ್ದರು, ಇನ್ನೂ ಇಬ್ಬರು ಮೂವರು ಗಿರಾಕಿಗಳಿದ್ದರು. ಅಕ್ಕನ ಹೆಗಲಲ್ಲಿ ಒಂದು ದೊಡ್ಡ ಬಟ್ಟೆಯ ಚೀಲ ಇತ್ತು. ಅದನ್ನು ಮೇಜಿನ ಕಾಲಿಗೆ ಒರಗಿಸಿ ಇಟ್ಟಳು.

“ಏನಕ್ಕಾ, ಮೂಟೆ ಹೊತ್ಕೊಂಡು ಎಲ್ಲಿಗೆ ಹೊರಟೆ?”

“ಎಲ್ಲಿಗೂ ಇಲ್ಲ. ಮೊದಲು ಅದನ್ನ ಹಾಕಿ ನೋಡು, ಅದೊಂದು ಕಡೆ ಕೆಟ್ಟಿದೆ” ಅಂದಳು ಅಕ್ಕ.

ಹಾಕಿದ. ನಗುವ ಜಾಗಗಳೆಲ್ಲ ಕನ್ನಡಿಯಂತೆ ಸ್ವಚ್ಛವಾಗಿದ್ದವು. ಮಧ್ಯದಲ್ಲಿ ಎಲ್ಲರೂ ಓಡಿಸಿಬಿಡುವ ಒಂದು ಸಪ್ಪೆ ಜಾಗವಿದೆ. ನಾಯಕ ಅರ್ಧ ಗಡ್ಡ ಹೆರೆದುಕೊಂಡು, ಇನ್ನರ್ಧ ಸೋಪಿನ ನೊರೆಯಲ್ಲಿ ಬಾಗಿಲು ತೆಗೆಯುತ್ತಾನೆ. ಹೊರಗೆ ಅವನ ತಂಗಿ, ಗಂಡನ ಮನೆ ಬಿಟ್ಟು ಬಂದವಳು, ಚೀಲ ಹಿಡಿದು ನಿಂತಿದ್ದಾಳೆ. ಅವನು ಏನೂ ಕೇಳುವುದಿಲ್ಲ. ಚೀಲ ಇಸಿದುಕೊಂಡು, “ಕೈಕಾಲು ತೊಳ್ಕೋ, ಊಟ ಮಾಡೋಣ” ಅನ್ನುತ್ತಾನೆ. ಅಷ್ಟೇ. ಕಥೆಯೊಳಕ್ಕೆ ಮೂರನೆಯ ಚೀಲ ಬರಬೇಕಲ್ಲ, ಅದಕ್ಕಾಗಿ ಇಟ್ಟ ಜಾಗ. ಅಲ್ಲಿ ಟೇಪು ಸವೆದು ಸುಕ್ಕಾಗಿ, ಮುಖಗಳೇ ಕಾಣದಷ್ಟು ಗೆರೆ ಎದ್ದಿತ್ತು.

ರಿವೈಂಡನಿಗೆ ನಗು ತಡೆಯಲಾಗಲಿಲ್ಲ. ಅವನ ಶಾಸ್ತ್ರವೆಲ್ಲ ಆ ಗಳಿಗೆಯಲ್ಲಿ ಎಲ್ಲಿ ಹೋಗಿತ್ತೋ ಏನೋ.

“ನೋಡಿ ಮೇಷ್ಟ್ರೇ, ಊರಿನವರೆಲ್ಲ ನಗೋ ಜಾಗ ಸವೆಸಿದ್ರೆ ನಮ್ಮಕ್ಕ ಊಟಕ್ಕೆ ಕರೆಯೋ ಜಾಗ ಸವೆಸಿದಾಳೆ! ಯಾಕಕ್ಕಾ, ಮನೇಲಿ ಭಾವ ಊಟಕ್ಕೆ ಕರೆಯಲ್ವಾ?”

ಮೇಷ್ಟ್ರು ನಕ್ಕರು. ಎಲ್ಲರೂ ನಕ್ಕರು. ಅಕ್ಕನೂ ನಕ್ಕಳು. ಆ ಉತ್ಸಾಹದಲ್ಲೇ ಅವನು ಕ್ಯಾಸೆಟ್ಟಿನ ಐದೂ ಸ್ಕ್ರೂ ಬಿಚ್ಚಿ, ಕೆಟ್ಟ ಟೇಪನ್ನು ಎರಡು ಮಾರಿನಷ್ಟು ಎಳೆದು, ಕತ್ತರಿಯಿಂದ ಕತ್ತರಿಸಿ, ತುದಿಗೆ ತುದಿ ಅಂಟಿಸಿದ. ಕತ್ತರಿಸಿದ ತುಂಡನ್ನು ಫ್ಯಾನಿನ ಜಾಲರಿಗೆ ಕಟ್ಟಿದ. ಅದು ಗಾಳಿಗೆ ಪಟಪಟ ಹಾರಿತು.

“ತಗೋ ಅಕ್ಕ, ಸಪ್ಪೆ ಜಾಗ ಹೋಯ್ತು. ಇನ್ನು ಬರೀ ನಗುವೇ.”

ಅಕ್ಕ ಆ ಹಾರುವ ಟೇಪನ್ನು ಸ್ವಲ್ಪ ಹೊತ್ತು ನೋಡಿದಳು. “ಇವತ್ತು ಬೇಡ ಬಿಡು” ಎಂದು ಚೀಲ ಹೆಗಲಿಗೇರಿಸಿಕೊಂಡು, ಬಂದ ದಾರಿಯಲ್ಲೇ ಮನೆಗೆ ಹೋದಳು. ಆಮೇಲೆ ಅವಳು ಸಿನಿಮಾ ಕೇಳಿಕೊಂಡು ಬರಲಿಲ್ಲ. ಅಂತೂ ಅಕ್ಕನಿಗೆ ಆ ಹುಚ್ಚು ಬಿಟ್ಟಿತು ಎಂದುಕೊಂಡ ರಿವೈಂಡ್.

ಆ ಕ್ಯಾಸೆಟ್ಟನ್ನು ಆಮೇಲೂ ಜನ ಒಯ್ದರು. ವಾಪಸ್ ಕೊಡುವಾಗ ಒಬ್ಬರಲ್ಲ ಒಬ್ಬರು ಕೇಳುತ್ತಿದ್ದರು: “ಅಲ್ಲಾ ರಿವೈಂಡು, ಆ ಮೂರನೇ ಚೀಲ ಎಲ್ಲಿಂದ ಬಂತಯ್ಯಾ?” ಅವನು “ಅದು ನಮ್ಮಕ್ಕನ್ನ ಕೇಳಿ” ಎಂದು ನಗುತ್ತಿದ್ದ. ಆ ಟೇಪಿನ ತುಂಡು ಅಂಗಡಿ ಮುಚ್ಚುವವರೆಗೂ ಅವನ ಕಣ್ಣೆದುರಿಗೇ ಹಾರುತ್ತಿತ್ತು.

ಕ್ಯಾಸೆಟ್ಟಿನ ಕಾಲ ಮುಗಿಯಿತು. ಅದೇ ಕೋಣೆಯಲ್ಲಿ ಮೊಬೈಲಿನ ಕವರು, ಚಾರ್ಜರು ಬಂದು ಕೂತವು. ಮಕ್ಕಳು ಅವರವರ ಸಂಸಾರ ಹೂಡಿಕೊಂಡರು. ಇಪ್ಪತ್ತೆರಡು ವರ್ಷ ಕಳೆದು, ಈ ವರ್ಷದ ಆರಂಭದಲ್ಲಿ ಭಾವ ತೀರಿಕೊಂಡ. ಎದ್ದವನು ಕುರ್ಚಿಯಲ್ಲಿ ಕೂತ, ಕೂತವನು ಮತ್ತೆ ಏಳಲಿಲ್ಲ. ಅಕ್ಕ ಅಳಲಿಲ್ಲ ಎಂದು ನೆಂಟರು ಪಿಸುಗುಟ್ಟಿದರು.

ಒಂದು ಭಾನುವಾರ ಬೆಳಿಗ್ಗೆ ರಿವೈಂಡನಿಗೆ ಆ ಸಿನಿಮಾ ಫೋನಿನಲ್ಲಿ ಸಿಕ್ಕಿತು. ಅಕ್ಕನನ್ನು ನಗಿಸೋಣ ಎಂದು ಅವಳ ಮನೆಗೆ ಹೋಗಿ ಟೀವಿಗೆ ಜೋಡಿಸಿದ. ಅಕ್ಕ ಒರೆಸುತ್ತಿದ್ದ ಪಾತ್ರೆಯನ್ನು ಮಡಿಲಲ್ಲಿ ಇಟ್ಟುಕೊಂಡೇ ಕೂತಳು. ಮೊದಲ ಚೀಲ ಬಂತು, ಎರಡನೆಯದು ಬಂತು. ರಿವೈಂಡ್ ಒಬ್ಬನೇ ನಗುತ್ತಿದ್ದ.

ಆಗ ಅದು ಬಂತು. ಒಂದು ಗೆರೆಯೂ ಇಲ್ಲದೆ. ನೊರೆಯ ಮುಖ, ಬಾಗಿಲು, ಹೊಸ್ತಿಲಲ್ಲಿ ತಂಗಿ. ಅವಳು ಚೀಲದ ಹಿಡಿಯನ್ನು ಎರಡೂ ಕೈಯಲ್ಲಿ ಬಿಗಿಹಿಡಿದಿದ್ದಳು. ಅದನ್ನು ಅವನು ಈ ಮೊದಲು ನೋಡಿಯೇ ಇರಲಿಲ್ಲ. ಪಕ್ಕಕ್ಕೆ ತಿರುಗಿದರೆ ಅಕ್ಕನ ತುಟಿ ಅಲ್ಲಾಡುತ್ತಿತ್ತು. ತಂಗಿಯ ಪಾತ್ರಕ್ಕೆ ಅಲ್ಲಿ ಮಾತೇ ಇಲ್ಲ. ಅಕ್ಕ ಹೇಳಿಕೊಳ್ಳುತ್ತಿದ್ದದ್ದು ಅಣ್ಣ ಇನ್ನೇನು ಆಡಲಿದ್ದ ಮಾತು.

ರಿವೈಂಡ್ ಸಿನಿಮಾ ನಿಲ್ಲಿಸಿದ.

“ಅಕ್ಕಾ... ಆವತ್ತು ಆ ಚೀಲದಲ್ಲಿ ಏನಿತ್ತು?”

ಯಾವತ್ತು ಎಂದು ಅಕ್ಕ ಕೇಳಲಿಲ್ಲ.

“ಎರಡು ಜೊತೆ ಬಟ್ಟೆ. ಬಾಚಣಿಗೆ. ಅಮ್ಮನ ಕನ್ನಡಕ” ಅಂದಳು. “ನಿಮ್ಮ ಭಾವ ಮಾತಾಡ್ತಿರಲಿಲ್ಲ ಕಣೋ. ನೀನು ಅಂದ್ಕೊಂಡಿದ್ದಂಗೆ ಕಮ್ಮಿ ಮಾತಾಡೋದಲ್ಲ. ಆ ವರ್ಷ ಹನ್ನೊಂದು ತಿಂಗಳು ನನ್ನ ಜೊತೆ ಒಂದು ಮಾತಿಲ್ಲ. ಏನಾದ್ರೂ ಬೇಕಿದ್ರೆ ಚೀಟಿ ಬರೆದು ಉಪ್ಪಿನ ಡಬ್ಬಿ ಕೆಳಗಿಡೋರು. ಬಡಿಸಿದ್ದನ್ನ ಊಟ ಮಾಡಿ ಎದ್ದು ಹೋಗೋರು. ನಾನು ಆ ಮನೇಲಿ ಇದ್ದೀನೋ ಇಲ್ವೋ ಅಂತ ನನಗೇ ಅನುಮಾನ ಬರೋದು.”

“ನನಗೆ ಹೇಳೋದಲ್ವಾ?”

“ಹೊಡೀಲಿಲ್ಲ, ಬೈಲಿಲ್ಲ, ಹೇಳೋದಾದ್ರೂ ಏನು? ನೀನು ನೋಡಿದ್ರೆ ಬಂಗಾರ ಬಂಗಾರ ಅಂತಿದ್ದೆ. ಕ್ಯಾಸೆಟ್ ನೋಡಿ ಎಲ್ಲರ ಮನಸ್ಸೂ ಹೇಳ್ತೀಯಲ್ಲ, ನೀನೇ ತಿಳ್ಕೋತೀಯ ಅಂತ ಅದೊಂದೇ ಜಾಗ ಹಾಕ್ಕೊಂಡು ನೋಡ್ತಿದ್ದೆ. ಬೇಕು ಅಂತಲೇ ಸವೆಸಿದೆ.”

‘ಅದು ನಮ್ಮಕ್ಕನ್ನ ಕೇಳಿ’ ಎಂದು ಅವನು ಎಲ್ಲರನ್ನೂ ನಗಿಸಿದ ಮಾತು ಈಗ ಅವನಿಗೇ ತಿರುಗಿ ಬಂತು. ಊರಿಗೆಲ್ಲ ಜಾತಕ ಹೇಳಿದವನ ದೀಪದ ಬುಡದಲ್ಲೇ ಕತ್ತಲೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಅವನ ಪಾಲಿಗೆ ಮಾತೂ ಹೋಗಿತ್ತು, ಎರಡು ಮಾರು ಟೇಪೂ ಹೋಗಿತ್ತು, ಅಕ್ಕನ ಅರ್ಧ ಆಯಸ್ಸೂ ಹೋಗಿತ್ತು. ಅವನು ಚಿಕ್ಕ ಹುಡುಗನ ಹಾಗೆ ಅತ್ತ.

“ಈಗಲಾದ್ರೂ ಬಾ ಅಕ್ಕ. ಮಹಡಿ ಮೇಲೆ ಒಂದು ಕೋಣೆ ಖಾಲಿ ಇದೆ. ಇವತ್ತೇ ಹೊರಡು.”

ಅಕ್ಕ ಅವನ ತಲೆಯ ಮೇಲೆ ಕೈಯಿಟ್ಟಳು. ಅವನ ನರೆತ ಕೂದಲನ್ನು ಬೆರಳಲ್ಲೇ ಬಾಚಿದಳು.

“ಈಗ ಯಾಕೋ? ಈಗ ಈ ಮನೇಲಿ ನನ್ನ ಜೊತೆ ಮಾತಾಡದೇ ಇರೋರು ಯಾರೂ ಇಲ್ಲವಲ್ಲ.”

ಗೋಡೆಯ ಗಡಿಯಾರ ಒಂದು ಗಂಟೆ ಹೊಡೆಯಿತು. ಅಕ್ಕ ಮಡಿಲಿನ ಪಾತ್ರೆ ಎತ್ತಿಕೊಂಡು ಎದ್ದಳು. ಒಳಗಿನಿಂದ ತಟ್ಟೆ ಇಡುವ ಸದ್ದು ಕೇಳಿಸಿತು, ಒಂದು, ಆಮೇಲೆ ಇನ್ನೊಂದು. ಅವಳು ಬಾಗಿಲಲ್ಲಿ ತಲೆ ಹಾಕಿ, ಏನೂ ಆಗಿಲ್ಲವೆಂಬಂತೆ ಹೇಳಿದಳು:

“ಕೈಕಾಲು ತೊಳ್ಕೋ, ಊಟ ಮಾಡೋಣ.”

ಟೀವಿಯಲ್ಲಿ ಆ ಅಣ್ಣ ತಂಗಿಯ ಚೀಲಕ್ಕೆ ಕೈ ಚಾಚಿದವನು ಹಾಗೇ ನಿಂತಿದ್ದ. ರಿವೈಂಡ್ ಅದನ್ನು ಆರಿಸಿ, ಕೈ ತೊಳೆಯಲು ಹೋದ.