ಹುಸೇನಿ ಎಂದು ಕರೆಯುತ್ತಿದ್ದವಳು

ಮೊನ್ನೆ ಕೊಟ್ಟೂರಿನ ಸಂತೆಯಲ್ಲಿ ಒಬ್ಬ ಫಕೀರ ಅಂಗಡಿಯಿಂದ ಅಂಗಡಿಗೆ ಲೋಬಾನದ ಹೊಗೆ ಹಾಕುತ್ತಾ ಬಂದ. ಆ ವಾಸನೆಗೆ ಕೊತ್ತಂಬರಿ ಕಟ್ಟು ಹಿಡಿದು ಹಾಗೇ ನಿಂತುಬಿಟ್ಟೆ. ತಂಬ್ರಹಳ್ಳಿಯಲ್ಲಿ ನಮ್ಮ ಪಕ್ಕದ ಮನೆಯ ದೊಡ್ಡವ್ವನ ಸೆರಗಿಗೆ ಗುರುವಾರ ಬಂತೆಂದರೆ ಇದೇ ವಾಸನೆ ಇರುತ್ತಿತ್ತು...

ಅವಳು ನಮಗೆ ಸಂಬಂಧಿಯಲ್ಲ. ಕೂಲಿ ಮಾಡುವ ವಿಧವೆ, ಮಕ್ಕಳಿರಲಿಲ್ಲ. ನಮ್ಮವ್ವನಿಗೆ ಎರಡು ಕೂಸು ಹುಟ್ಟಿ ಸತ್ತಿದ್ದವು. ಮೂರನೆಯವಳು ನಾನು. ನನಗೂ ಮೈ ಸುಡತೊಡಗಿದಾಗ ದೊಡ್ಡವ್ವ ಎತ್ತಿಕೊಂಡು ಹೋದಳಂತೆ. ಆಗ ಮೊಹರಂ. ಮಸೀದಿಯಲ್ಲಿ ಕೂರಿಸಿದ್ದ ಹುಸೇನ್ ಪೀರಲ ದೇವರ ಮುಂದೆ ನನ್ನನ್ನು ಮಲಗಿಸಿ, ಮುಲ್ಲಾನಿಂದ ಸಕ್ಕರೆ ಓದಿಸಿ, ಉಳಿದರೆ ನಿನ್ನ ಹೆಸರೇ ಇಡುತ್ತೇವೆ ಎಂದು ಹರಕೆ ಹೊತ್ತಳು. ನಾನು ಉಳಿದೆ. ಹುಸೇನವ್ವ ಆದೆ, ದೊಡ್ಡವ್ವನ ಬಾಯಲ್ಲಿ ಹುಸೇನಿ. ನಮ್ಮ ಕಡೆ ಹಿಂದೂಗಳ ಮನೆಯಲ್ಲಿ ಇಂಥ ಹೆಸರು ಹೊಸದೇನಲ್ಲ.

ಶಾಲೆಯಲ್ಲಿ ಮೇಷ್ಟ್ರು ಒಮ್ಮೆ ಹೇಳಿದ್ದರು: ಹುಸೇನ್ ಎಂಬುದು ಅರಬ್ಬಿ ಹೆಸರು, ಚೆಂದದ ಪುಟ್ಟವನು ಎಂದು ಅರ್ಥ. ಉರ್ದುವಿನವರ ಬಾಯಿಂದ ನಮಗೆ ಬಂತು. ನಾವು ಅದಕ್ಕೆ ಅವ್ವ ಸೇರಿಸಿ ಹೆಣ್ಣುಮಕ್ಕಳಿಗೂ ಇಟ್ಟೆವು. ಹರಪನಹಳ್ಳಿ ಕಡೆ ಹುಸೇನಮ್ಮ, ತೆಲುಗರಲ್ಲಿ ಉಸೇನಮ್ಮ. ಓಡಿ ಬಂದು ದೊಡ್ಡವ್ವನಿಗೆ ಹೇಳಿದೆ.

"ಚೆಂದ ಅಂತ? ಈ ಮೂಗಿಗೇನು?" ಎಂದು ನನ್ನ ಮೂಗು ಹಿಂಡಿ ನಕ್ಕಳು.

ಕೊಟ್ಟೂರಿಗೆ ಮದುವೆಯಾಗಿ ಬಂದ ದಿನವೇ ಅತ್ತೆ ನನಗೆ ಉಷಾ ಎಂದು ಹೆಸರಿಟ್ಟರು. "ಕೇಳಿದೋರಿಗೆಲ್ಲ ಕತಿ ಹೇಳ್ಕೊಂತ ಕುಂದ್ರಾಕ ಆಗಂಗಿಲ್ಲವ್ವ" ಎಂದರು. ನಿಜ ಹೇಳಬೇಕೆಂದರೆ ನನಗೂ ಹಗುರವೆನಿಸಿತ್ತು.

ದೊಡ್ಡವ್ವ ಸಂತೆಗೆ ಬಂದಾಗಲೆಲ್ಲ ನಮ್ಮ ಮನೆಗೆ ಬರುತ್ತಿದ್ದಳು. ಓಣಿಯ ತುದಿಯಿಂದಲೇ "ಲೇ ಹುಸೇನೀ!" ಎಂದು ಕೂಗುವಳು. ಎದುರುಮನೆಯವರು ಬಾಗಿಲಿಗೆ ಬಂದು ನೋಡುವರು. ಮಗಳಿನ್ನೂ ಹೊಟ್ಟೆಯಲ್ಲಿದ್ದಾಗ ಒಂದು ದಿನ ಹೇಳಿಯೇಬಿಟ್ಟೆ.

"ದೊಡ್ಡವ್ವ, ಇಲ್ಲಿ ಹಂಗ ಕರೀಬ್ಯಾಡ."

"ಮತ್ತೇನಂತ ಕರೀಲಿ, ಸಾವ್ಕಾರ್ತಿ ಅನ್ಲೇನು?" ಎಂದು ನಕ್ಕಳು. ನಾನು ನಗಲಿಲ್ಲ. ಅವಳ ನಗುವೂ ನಿಂತಿತು. "ಆ ಹೆಸರು ನಿಂದಲ್ಲ ಲೇ. ನಿನ್ನ ಉಳಿಸಿದಾತಂದು."

ಆಮೇಲೆ ಅವಳು ನನ್ನನ್ನು ಯಾವ ಹೆಸರಿನಿಂದಲೂ ಕರೆಯಲಿಲ್ಲ. ಬಂದರೆ ಚಿಲಕ ಅಲ್ಲಾಡಿಸಿ ಬಾಗಿಲಲ್ಲಿ ನಿಲ್ಲುತ್ತಿದ್ದಳು. ನನಗೆ ಕೇಳಿಸದೆ ಎಷ್ಟು ಸಲ ನಿಂತಿದ್ದಳೋ...

ಹೋದ ವರ್ಷ ಅವಳನ್ನು ಹಗರಿಬೊಮ್ಮನಹಳ್ಳಿಯಲ್ಲಿ ಆಸ್ಪತ್ರೆಗೆ ಸೇರಿಸಿದ್ದರು. ಹುಸೇನಿಯನ್ನು ಕರೆಸು ಎಂದು ಒಂದೇ ಸಮನೆ ಹಂಬಲಿಸಿದಳಂತೆ. ಅವಳ ತಮ್ಮ ನನ್ನ ಮೊಬೈಲಿಗೆ ಎರಡು ಸಲ ಫೋನ್ ಮಾಡಿದ. ನಾನು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದೆ. ಎರಡು ಸಲವೂ ಎತ್ತಿದವಳು ಮಗಳು. "ಹುಸೇನಿ ಅನ್ನೋರು ಇಲ್ಲಿ ಯಾರೂ ಇಲ್ರಿ, ರಾಂಗ್ ನಂಬರ್" ಎಂದು ಇಟ್ಟುಬಿಟ್ಟಳು. ಮಗಳ ತಪ್ಪಲ್ಲ. ಅವಳಿಗೆ ಹದಿನಾರು ವರ್ಷ. ಅಷ್ಟು ವರ್ಷದಲ್ಲಿ ನಾನು ಆ ಹೆಸರನ್ನು ಅವಳಿಗೆ ಹೇಳಿರಲೇ ಇಲ್ಲ.

ನನಗೆ ಸುದ್ದಿ ತಲುಪುವಾಗ ಮಣ್ಣು ಮಾಡಿ ನಾಲ್ಕು ದಿನವಾಗಿತ್ತು. "ಕಡೀತನಕ ಬಾಗಿಲ ಕಡಿಗೇ ನೋಡಾಕ ಹತ್ತಿದ್ಳು" ಎಂದಷ್ಟೇ ಅವಳ ತಮ್ಮ ಹೇಳಿದ. ಬೈದಿದ್ದರೆ ಒಳ್ಳೆಯದಿತ್ತು.

ಮೊನ್ನೆ ಸಂತೆಯಿಂದ ಬಂದು ಮಗಳನ್ನು ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಅವಳು ಅತ್ತಳು. ಕಣ್ಣೊರೆಸಿಕೊಂಡು, "ಒಂದ್ಸಲ ನಾ ಕರೀಲೇನವ್ವ?" ಎಂದಳು. ಕರೆದಳು ಕೂಡ, ಬಹಳ ಮೆಲ್ಲಗೆ.

ಓ ಎನ್ನಲು ಬಾಯಿ ತೆರೆದೆ. ಕಣ್ಣು ಬಾಗಿಲ ಕಡೆಗೆ ಹೋಯಿತು.